ಉಪ್ಪಾಗೆ ಒಲೆ, ಸೊಪ್ಪಿನಬೆಟ್ಟದ ಪಾಳಿ, ಇಂಗುಗುಂಡಿಯ ಜಾಗ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯವು. ಕಾಡಿನ ಹಣ್ಣು, ಬೆಟ್ಟದ ಸೊಪ್ಪು, ಗುಡ್ಡದ ನೀರು, ಜೇನು ಇವನ್ನೇ ನಂಬಿದವರು ಕೇಳಿದ ಪ್ರಶ್ನೆಗಳು. ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದವರು ಮಳೆಗಾಲದಲ್ಲಿ ಉಪ್ಪಾಗೆ (ಸಿಪ್ಪೆಯನ್ನು ಹುಳಿಗೆ ಬಳಸುವ ಕಾಡುಹಣ್ಣು) ಆರಿಸಿ, ಒಣಗಿಸಿ ಮಾರುತ್ತೇವೆ. ಒಣಗಿಸಲು ವಿಪರೀತ ಕಟ್ಟಿಗೆ ಬೇಕು. ಸಿಪ್ಪೆಗೆ ಹೊಗೆ ಹಿಡಿಯುತ್ತದೆ, ವ್ಯಾಪಾರಿ ದರ ಇಳಿಸುತ್ತಾನೆ. ಇನ್ನು ಕೆಲವರು ಹಣ್ಣಾಗುವ ಮೊದಲೇ ಟೊಂಗೆ ಕಡಿದು ಕಾಯಿ ಒಯ್ಯುತ್ತಾರೆ. ಏನು ಮಾಡಬಹುದು?
(ಸಂಘದ ಸದಸ್ಯೆಯರು, ಹೊಸನಗರ ತಾಲ್ಲೂಕು)

ಉತ್ತರ: ಮೊದಲು ಬಗೆಹರಿಯಬೇಕಾದ್ದು ಟೊಂಗೆ ಕಡಿಯುವ ಸಮಸ್ಯೆ. ಎಳೆಗಾಯಿ ತಂದರೆ ಎಂಥ ಒಲೆ ಕಟ್ಟಿದರೂ ಒಳ್ಳೆಯ ಸಿಪ್ಪೆ ಬರುವುದಿಲ್ಲ. ಉಪ್ಪಾಗೆ ಜೂನ್‌ನಿಂದ ಆಗಸ್ಟ್‌ವರೆಗೆ ಹಳದಿಗೆ ತಿರುಗಿ ತಾನಾಗಿಯೇ ಉದುರುತ್ತದೆ. ಹಣ್ಣಿನ ಸಿಪ್ಪೆ ದಪ್ಪ, ಒಣಗಿದ ಮೇಲೂ ತೂಕ ಬರುತ್ತದೆ. ಹಸಿರು ಕಾಯಿಯದು ತೆಳುವಾಗಿ ಸುರುಟಿಕೊಳ್ಳುತ್ತದೆ, ಅದರ ಬೀಜ ಸಸಿಗೂ ಬಾರದು, ಬೀಜದಿಂದ ತೆಗೆಯುವ ತುಪ್ಪಕ್ಕೂ ಬಾರದು. ಕಾಯಿ ಕೀಳುವವರಿಗೆ ಇದು ಗೊತ್ತಿಲ್ಲದ್ದಲ್ಲ. ಇವತ್ತು ತಾನು ಬಿಟ್ಟರೆ ನಾಳೆ ಇನ್ನೊಬ್ಬ ಒಯ್ಯುತ್ತಾನೆ ಎಂಬ ಹೆದರಿಕೆಯಿಂದ ಕೀಳುತ್ತಾರೆ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಳಿಗಾಗಿ ಉಪ್ಪಾಗೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ಬೇಡಿಕೆ ಏರಿದ ಮೇಲೆ ಈ ಪೈಪೋಟಿ ಜೋರಾಯಿತು.

ಆದ್ದರಿಂದ ಮೇ ತಿಂಗಳಲ್ಲೇ ಊರೊಟ್ಟಿನ ಸಭೆ ಕರೆಯಿರಿ. ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕವೇ ಕರೆಯುವುದು ಒಳ್ಳೆಯದು. ಯಾವ ಗುಡ್ಡದಲ್ಲಿ ಯಾವ ಮನೆಯವರು ಆರಿಸುವುದು, ಯಾವ ದಿನದಿಂದ ಶುರು ಮಾಡುವುದು, ಮರ ಹತ್ತಬೇಕೇ ಅಥವಾ ಬಿದ್ದದ್ದನ್ನು ಮಾತ್ರ ಆರಿಸಬೇಕೇ, ತಪ್ಪಿದವರಿಗೆ ಏನು ದಂಡ, ಇಷ್ಟನ್ನು ಬರೆದು ಸಹಿ ಹಾಕಿಸಿ. ಹೊರಗಿನ ವ್ಯಾಪಾರಿಗೂ ಅದರ ಪ್ರತಿ ಕೊಡಿ. ಹಸಿರು ಕಾಯಿಯನ್ನು ಕೊಳ್ಳುವವರೇ ಇಲ್ಲವಾದರೆ ಕೀಳುವವರೂ ಇರುವುದಿಲ್ಲ. ಮೀಸಲು ಅರಣ್ಯದ ಕಿರು ಉತ್ಪನ್ನವನ್ನು ಇಲಾಖೆ ಟೆಂಡರ್ ಕರೆದು ಕೊಡುವ ಕಡೆ ಗುತ್ತಿಗೆದಾರನ ಜೊತೆಗೂ ಇದೇ ಷರತ್ತಿನ ಮೇಲೆ ಮಾತಾಡಬೇಕು.

ಇನ್ನೊಂದು ಮಾತು ಒತ್ತಿ ಹೇಳಬೇಕು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡದ ಮರ ದಂಡವೆಂದು ಕಟ್ಟಿಗೆಗೆ ಕಡಿದರೆ ಪರಾಗ ಇಲ್ಲದೆ ಸುತ್ತಲಿನ ಹೆಣ್ಣು ಮರಗಳ ಫಸಲು ಇಳಿಯುತ್ತದೆ. ಗಂಡು ಮರಗಳಿಗೆ ಬಣ್ಣದ ಗುರುತು ಹಾಕಿ ಉಳಿಸಿ.

ಈಗ ಒಣಗಿಸುವ ವಿಚಾರ. ತೆರೆದ ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸುವಾಗ ಶಾಖದ ಬಹುಪಾಲು ಪಕ್ಕಕ್ಕೆ ಹೋಗುತ್ತದೆ, ಹೊಗೆ ಮಾತ್ರ ಸಿಪ್ಪೆಗೆ ಹತ್ತುತ್ತದೆ. ಬೇಕಾದ್ದು ಬಾಯಿ ಮುಚ್ಚಿದ ಒಲೆ. ಅದರ ಹೊಗೆ ಕೊಳವೆಯೊಳಗೆ ಹರಿದು, ತಟ್ಟೆಗಳ ಅಡಿಯಲ್ಲಿ ಒಂದು ಸುತ್ತು ಹೋಗಿ, ಚಿಮಣಿಯಿಂದ ಹೊರಬೀಳಬೇಕು. ಸಿಪ್ಪೆಗೆ ತಾಗುವುದು ಬಿಸಿ ಗಾಳಿ ಮಾತ್ರ. ಗೂಡಿನ ಬುಡದಲ್ಲಿ ಗಾಳಿ ಒಳಬರಲು ಕಿಂಡಿ, ನೆತ್ತಿಯಲ್ಲಿ ತೇವ ಹೊರಹೋಗಲು ಕಿಂಡಿ ಎರಡೂ ಬೇಕು. ಮೇಲಿನ ಕಿಂಡಿ ಬಿಡದೆ ಕಟ್ಟಿದ ಗೂಡಿನಲ್ಲಿ ಸಿಪ್ಪೆ ಒಣಗುವ ಬದಲು ಬೇಯುತ್ತದೆ. ತಟ್ಟೆಗೆ ಕಬ್ಬಿಣದ ಅಥವಾ ಸತು ಲೇಪಿಸಿದ ಜಿ.ಐ. ಜಾಲರಿ ಬಳಸಬೇಡಿ. ಉಪ್ಪಾಗೆಯ ಹುಳಿ ಅದನ್ನು ತಿನ್ನುತ್ತದೆ, ಸಿಪ್ಪೆ ಕಪ್ಪಾಗಿ ಲೋಹದ ರುಚಿ ಬರುತ್ತದೆ. ಬಿದಿರಿನ ತಟ್ಟಿ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಒಳ್ಳೆಯದು.

ಹಣ್ಣು ತಂದ ದಿನವೇ ಬಿಡಿಸಿ. ರಾಶಿ ಹಾಕಿ ರಾತ್ರಿ ಕಳೆದರೆ ಬಿಸಿಯೆದ್ದು ಹುದುಗುತ್ತದೆ, ಬೂಸಲೂ ಬರುತ್ತದೆ. ಬಿಡಿಸಿದ ಸಿಪ್ಪೆಯನ್ನು ಸೂರಿನಡಿ ತೆಳ್ಳಗೆ ಹರಡಿ ಒಂದು ರಾತ್ರಿ ಗಾಳಿಗೆ ಬಾಡಿಸಿದರೆ ಒಲೆಯ ಕೆಲಸ ಅಷ್ಟರಮಟ್ಟಿಗೆ ಇಳಿಯುತ್ತದೆ. ತಟ್ಟೆಯಲ್ಲಿ ಒಂದೇ ಪದರ ಇರಲಿ, ಶಾಖ 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಲಿ, ಮೂರು ನಾಲ್ಕು ಗಂಟೆಗೊಮ್ಮೆ ಕೆಳಗಿನ ತಟ್ಟೆ ಮೇಲಕ್ಕೆ, ಮೇಲಿನದು ಕೆಳಕ್ಕೆ ಹೋಗಲಿ. ಹದ ನೋಡಲು ಸಿಪ್ಪೆಯನ್ನು ಬಗ್ಗಿಸಿ: ಚರ್ಮದ ಹಾಗೆ ಬಗ್ಗಬೇಕು, ಒತ್ತಿದರೆ ರಸ ಜಿನುಗಬಾರದು. ಅಡುಗೆಗೆ ಮಾರುವ ಮಾಲಾದರೆ ಒಣ ಸಿಪ್ಪೆ ಕಿಲೋಗೆ 150 ಗ್ರಾಂ ಉಪ್ಪು, 50 ಮಿ.ಲೀ. ತೆಂಗಿನೆಣ್ಣೆ ಸವರಿ ಇಟ್ಟರೆ ಮೆದುವಾಗಿ ಉಳಿಯುತ್ತದೆ, ಬೂಸಲು ಬರುವುದಿಲ್ಲ. ಸಾರ ತೆಗೆಯುವ ಕಾರ್ಖಾನೆಗೆ ಹೋಗುವ ಮಾಲಿಗೆ ಮಾತ್ರ ಕೊಳ್ಳುವವರನ್ನು ಕೇಳದೆ ಏನನ್ನೂ ಬೆರೆಸಬೇಡಿ.

ಉರುವಲಿಗೆ ಕಾಡಿನ ಕಟ್ಟಿಗೆಯೇ ಆಗಬೇಕೆಂದಿಲ್ಲ. ಅಡಿಕೆ ಸುಗ್ಗಿಯಲ್ಲಿ ಸುಲಿದ ಸಿಪ್ಪೆ ಅಂಗಳದಲ್ಲಿ ಕೊಳೆಯುತ್ತದೆ. ಬೇಸಿಗೆಯಲ್ಲೇ ಚೆನ್ನಾಗಿ ಒಣಗಿಸಿ, ಚೀಲ ತುಂಬಿ ಅಟ್ಟಕ್ಕೇರಿಸಿಟ್ಟರೆ ಜೂನ್‌ಗೆ ಒದಗುತ್ತದೆ. ತೆಂಗಿನ ಗೆರಟೆ, ಒಣಗಿದ ಸೋಗೆಯ ದಂಟು ಕೂಡ ಆದೀತು. ಮೊದಲ ಸಲ ಹಸಿ ಸಿಪ್ಪೆ ತೂಗಿ, ಒಣಗಿದ ಮೇಲೆ ಮತ್ತೆ ತೂಗಿ, ಉರಿಸಿದ್ದನ್ನೂ ತೂಗಿ ಬರೆದಿಡಿ. ದರ ಮಾತಾಡುವಾಗ ಕೈಯಲ್ಲಿ ಆ ಲೆಕ್ಕ ಇರಬೇಕು.

ತೋಟದ ಬೇಲಿಗೆ ಉಪ್ಪಾಗೆ ನೆಡುವ ಆಸೆಯಿದ್ದರೆ ಕಸಿ ಗಿಡ ತನ್ನಿ. ಬೀಜದ ಸಸಿಗಳಲ್ಲಿ ಅರ್ಧಕ್ಕರ್ಧ ಗಂಡಾಗುತ್ತವೆ, ಅದು ಗೊತ್ತಾಗುವುದು ಹಲವು ವರ್ಷಗಳ ನಂತರ. ನೆಟ್ಟಗೆ ಮೇಲೇರುವ ಚಿಗುರಿನಿಂದ ಕಟ್ಟಿದ ಕಸಿಯನ್ನೇ ಆರಿಸಿ; ಅಡ್ಡ ಕೊಂಬೆಯ ಕಸಿ ಮರವಾಗಿ ಏಳದೆ ಪೊದೆಯ ಹಾಗೆ ಹರಡುತ್ತದೆ.

ಪ್ರಶ್ನೆ: ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ನಮ್ಮ ಸೊಪ್ಪಿನಬೆಟ್ಟ ಬೋಳಾಗುತ್ತ ಬಂದಿದೆ. ಅಡಿಕೆ ತೋಟಕ್ಕೆ ಸೊಪ್ಪು ಹಾಕದೆ ಆಗುವುದಿಲ್ಲ. ಬೆಟ್ಟ ಮತ್ತೆ ಹಸಿರಾಗಲು ಏನು ಮಾಡಬೇಕು? ಗಿಡ ನೆಟ್ಟರೆ ಸಾಕೇ?
(ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು)

ಉತ್ತರ: ನೆಡುವುದಕ್ಕಿಂತ ಮೊದಲು ಬಿಡುವುದನ್ನು ಕಲಿಯಬೇಕು. ಬೋಳು ಕಂಡರೂ ಬಹಳಷ್ಟು ಬೆಟ್ಟಗಳಲ್ಲಿ ಮತ್ತಿ, ಹೊನ್ನೆ, ನಂದಿ, ನೇರಳೆ, ಕೌಲುಗಳ ಬೇರು ಬದುಕಿರುತ್ತದೆ. ಪ್ರತಿ ವರ್ಷ ಚಿಗುರಿದ್ದನ್ನು ಪ್ರತಿ ವರ್ಷ ಸವರುತ್ತೇವೆ, ಉಳಿದದ್ದನ್ನು ದನ ಮೇಯುತ್ತದೆ, ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಈ ಮೂರನ್ನು ತಡೆದರೆ ಗುದ್ದಲಿ ಹಿಡಿಯದೆಯೂ ಗಿಡ ಮೇಲೇಳುತ್ತದೆ.

ಬೆಟ್ಟವನ್ನು ನಾಲ್ಕು ಭಾಗ ಮಾಡಿ. ವರ್ಷಕ್ಕೆ ಒಂದು ಭಾಗದಲ್ಲಿ ಮಾತ್ರ ಹಸಿ ಸೊಪ್ಪು ಕಡಿಯಿರಿ. ಹಾಗಾದರೆ ಒಂದು ಮರಕ್ಕೆ ಕತ್ತಿ ತಾಗುವುದು ನಾಲ್ಕು ವರ್ಷಕ್ಕೊಮ್ಮೆ. ಕಡಿಯುವಾಗ ನೆತ್ತಿಯ ಚಿಗುರು ಮುಟ್ಟಬಾರದು, ಮೇಲಿನ ಮೂರರಲ್ಲೊಂದು ಪಾಲು ಹಾಗೇ ಇರಬೇಕು. ಕೊಂಬೆಯನ್ನು ಕಾಂಡಕ್ಕೆ ಒತ್ತಿ ಸೀಳಿದರೆ ಗಾಯದೊಳಗೆ ಮಳೆನೀರು ನಿಂತು ಮರ ಟೊಳ್ಳಾಗುತ್ತದೆ. ಗೇಣುದ್ದ ಬಿಟ್ಟು ಹರಿತ ಕತ್ತಿಯಲ್ಲಿ ಓರೆಯಾಗಿ ಕಡಿಯಿರಿ. ಹಳ್ಳದ ದಂಡೆಯ ಮರ, ಹಣ್ಣಿನ ಮರಗಳನ್ನು ಸೊಪ್ಪಿಗೆ ಬಳಸಲೇಬೇಡಿ. ದರಕು (ಉದುರಿದ ಒಣ ಎಲೆ) ಗುಡಿಸುವಾಗಲೂ ನೆಲ ಕೆಂಪಾಗಿ ಕಾಣುವಷ್ಟು ಕೆರೆಯಬಾರದು. ಮೊದಲ ಮಳೆಯ ಹೊಡೆತ ತಡೆಯುವುದು ಆ ಹೊದಿಕೆಯೇ, ಬಿದ್ದ ಬೀಜ ಮೊಳೆಯುವುದೂ ಅದರಡಿಯಲ್ಲೇ. ಜನವರಿ ಮುಗಿಯುವುದರೊಳಗೆ ಬೆಟ್ಟದ ಅಂಚಿಗೆ ಹತ್ತಡಿ ಅಗಲದ ಬೆಂಕಿ ಗೆರೆ ಗುಡಿಸಿ.

ತೋಟದ ಬೇಡಿಕೆಯ ಲೆಕ್ಕವನ್ನೂ ನೋಡೋಣ. ಶಿಫಾರಸಿನಂತೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ. ಎಕರೆಗೆ 550 ಮರ ಎಂದರೆ ಸೊಪ್ಪೇ 6,600 ಕಿಲೋ. ಇಷ್ಟನ್ನೂ ಬೆಟ್ಟದಿಂದ ತಂದರೆ ಬೆಟ್ಟ ತಾಳದು. ತೋಟದಲ್ಲೇ ಬೀಳುವ ಸೋಗೆ, ಹಾಳೆ, ಸಿಂಗಾರದ ಕಡ್ಡಿ, ಕಾಯಿಯ ಸಿಪ್ಪೆ ಸೇರಿ ಹೆಕ್ಟೇರಿಗೆ ವರ್ಷಕ್ಕೆ ಐದೂವರೆ ಆರು ಟನ್ ಆಗುತ್ತದೆ. ಇದನ್ನು ಸುಡದೆ ಗೇಣುದ್ದ ಕತ್ತರಿಸಿ, ಸಗಣಿ ಬಗ್ಗಡ ಚಿಮುಕಿಸಿ, ತೊಟ್ಟಿಯಲ್ಲಿ ಎರೆಗೊಬ್ಬರ ಮಾಡಬಹುದು. ಹಸಿ ಸಗಣಿಯಲ್ಲಿ ಎರೆಹುಳು ಬಿಟ್ಟರೆ ಬಿಸಿಗೆ ಸಾಯುತ್ತವೆ, ಎರಡು ಮೂರು ವಾರ ಅರೆಕೊಳೆತ ಮೇಲೆ ಬಿಡಿ. ತೋಟದ ಬೇಲಿಗುಂಟ ಮುಂಗಾರಿನ ಶುರುವಿನಲ್ಲಿ ಮೂರಡಿ ಉದ್ದದ ಗ್ಲಿರಿಸಿಡಿಯಾ ಗೂಟಗಳನ್ನು ಎರಡಡಿಗೊಂದರಂತೆ ಊರಿ. ಬಲಿತ ಮೇಲೆ ಗಿಡವೊಂದಕ್ಕೆ ವರ್ಷಕ್ಕೆ ಹತ್ತು ಕಿಲೋ ಸೊಪ್ಪು ಹಿಡಿದರೂ ನೂರು ಗಿಡ ಒಂದು ಟನ್ ಕೊಡುತ್ತದೆ. ಬೆಟ್ಟಕ್ಕೆ ನುಗ್ಗಿದ ಯುಪಟೋರಿಯಂ ಕಳೆಯನ್ನು ಹೂ ಬರುವ ಮೊದಲು, ಅಂದರೆ ಅಕ್ಟೋಬರ್ ಒಳಗೆ ಕೊಯ್ದು ಸೊಪ್ಪಾಗಿ ಹಾಕಿ. ಬೀಜ ಕಟ್ಟಿದ ಮೇಲೆ ತಂದರೆ ತೋಟಕ್ಕೇ ಬಿತ್ತಿದ ಹಾಗಾಗುತ್ತದೆ.

ಖಾಲಿ ಜಾಗ ಉಳಿದರೆ ಮಾತ್ರ ನೆಡಿ. ಅಲ್ಲಿ ಅಕೇಶಿಯಾ ಬೇಡ, ಅದರ ಎಲೆ ಬೇಗ ಕೊಳೆಯುವುದಿಲ್ಲ. ಮುರುಗಲು, ಉಪ್ಪಾಗೆ, ನೆಲ್ಲಿ, ಹೊನ್ನೆ, ಮತ್ತಿ ಸೇರಿಸಿ ನೆಟ್ಟರೆ ಸೊಪ್ಪು, ಹಣ್ಣು ಎರಡೂ ಸಿಗುತ್ತವೆ. ನೆನಪಿರಲಿ, ಬೆಟ್ಟದ ಮೇಲೆ ನಿಮಗಿರುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಕಾಪಾಡುವ ಸೊಪ್ಪು ಸೌದೆಯ ಸವಲತ್ತು. ಜಮೀನು ಸರ್ಕಾರದ್ದು, ಆದ್ದರಿಂದ ಬೆಟ್ಟದಲ್ಲಿ ತೋಟ ವಿಸ್ತರಿಸಿದರೆ ಆ ಸವಲತ್ತಿಗೇ ಕುತ್ತು.

ಪ್ರಶ್ನೆ: ಮಾರ್ಚ್ ಬಂದರೆ ಬಾವಿ, ಗುಡ್ಡದಿಂದ ಇಳಿಯುವ ಅಬ್ಬಿ ಎರಡೂ ಬತ್ತುತ್ತವೆ. ಗುಡ್ಡದ ತುಂಬ ಇಂಗುಗುಂಡಿ ತೆಗೆಯೋಣ ಎಂದು ಯುವಕರು ಹೊರಟಿದ್ದಾರೆ. ಹಿರಿಯರು ಗುಡ್ಡ ಜಾರೀತು ಎನ್ನುತ್ತಾರೆ. ಯಾರ ಮಾತು ಸರಿ?
(ಒಬ್ಬ ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಜಾಗದ ಮೇಲೆ ಹೋಗುತ್ತದೆ. ಮಲೆನಾಡಿನ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ಬಿಳಿ ಅಥವಾ ನಸುಗೆಂಪು ಜೇಡಿ, ಅದರಡಿ ಬಂಡೆ ಇರುವುದು ಸಾಮಾನ್ಯ. ಇಂಗಿದ ನೀರು ಜೇಡಿಗೆ ಸೇರಿ ಹೆಚ್ಚಾದಾಗ ಅದು ಮೆದುವಾಗಿ ಮೇಲಿನ ಭಾರವನ್ನು ಹೊರಲಾರದೆ ಜಾರುತ್ತದೆ. ಆದ್ದರಿಂದ ನೂರಡಿಗೆ ಇಪ್ಪತ್ತೈದು ಅಡಿಗಿಂತ ಹೆಚ್ಚು ಇಳಿಜಾರಿರುವಲ್ಲಿ, ಮನೆ ಅಥವಾ ರಸ್ತೆಗಾಗಿ ಕಡಿದ ಧರೆಯ ಮೇಲ್ಭಾಗದಲ್ಲಿ, ಮರಗಳು ವಾಲಿರುವಲ್ಲಿ, ನೆಲದಲ್ಲಿ ಬಿರುಕು ಇರುವಲ್ಲಿ, ಹೊಸದಾಗಿ ಒರತೆ ಎದ್ದಲ್ಲಿ ಗುಂಡಿ ತೆಗೆಯಲೇಬಾರದು. ಅಂಥ ಕಡೆ ನೀರನ್ನು ನಿಲ್ಲಿಸುವುದಲ್ಲ, ಸಲೀಸಾಗಿ ಹಳ್ಳಕ್ಕೆ ಹರಿಸುವುದೇ ಕ್ಷೇಮ. ನಿಮ್ಮ ಹಿರಿಯರ ಮಾತನ್ನು ಈ ಜಾಗಗಳ ಮಟ್ಟಿಗೆ ತಪ್ಪದೆ ಕೇಳಿ.

ಇಳಿಜಾರು ಕಡಿಮೆಯಿರುವ ಬೋಳು ಬ್ಯಾಣದಲ್ಲಿ (ಹುಲ್ಲುಗಾವಲು), ತೋಟದ ಮೇಲಿನ ಹಕ್ಕಲಿನಲ್ಲಿ (ಸಾಗುವಳಿ ಇಲ್ಲದ ಜಾಗ) ತೆಗೆಯಬಹುದು. ಉದ್ದ ಹತ್ತಡಿ, ಅಗಲ ಎರಡಡಿ, ಆಳ ಒಂದೂವರೆ ಅಡಿ ಸಾಕು. ಒಂದು ಗುಂಡಿ ಸುಮಾರು 850 ಲೀಟರ್ ಹಿಡಿಯುತ್ತದೆ. ಒಂದೇ ಉದ್ದ ಕಾಲುವೆ ತೋಡಬೇಡಿ, ಒಂದು ಕಡೆ ಒಡೆದರೆ ಪೂರ್ತಿ ನೀರು ಅಲ್ಲೇ ನುಗ್ಗಿ ಕೊರಕಲು ಬೀಳುತ್ತದೆ. ಬಿಡಿಬಿಡಿಯಾಗಿ, ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಜಾಗಕ್ಕೆ ಕೆಳಗಿನ ಸಾಲಿನ ಗುಂಡಿ ಬರುವಂತೆ ತೆಗೆಯಿರಿ. ಮಣ್ಣನ್ನು ಇಳಿಜಾರಿನ ಕಡೆಗೆ, ಅಂಚಿನಿಂದ ಒಂದಡಿ ದೂರ ಹಾಕಿ ಹುಲ್ಲು ಹತ್ತಿಸಿ. ಮಟ್ಟ ಹಿಡಿಯಲು ಎರಡು ಸಮ ಉದ್ದದ ಬಿದಿರಿನ ಗಳವನ್ನು ತುದಿಯಲ್ಲಿ ಕಟ್ಟಿ, ನಡುವೆ ಅಡ್ಡಪಟ್ಟಿ ಕೊಟ್ಟು, ತುದಿಯಿಂದ ದಾರಕ್ಕೆ ಕಲ್ಲು ಇಳಿಬಿಡಿ. ಕಾಲುಗಳನ್ನು ಒಮ್ಮೆ ಹಾಗೆ, ಒಮ್ಮೆ ಅದಲುಬದಲು ಮಾಡಿ ಇಟ್ಟು, ದಾರ ಅಡ್ಡಪಟ್ಟಿಯನ್ನು ಮುಟ್ಟಿದ ಎರಡು ಗುರುತಿನ ನಟ್ಟನಡುವೆ ಗೆರೆ ಎಳೆಯಿರಿ. ದಾರ ಆ ಗೆರೆಯ ಮೇಲೆ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ.

ಏಪ್ರಿಲ್, ಮೇ ತಿಂಗಳಲ್ಲಿ ತೋಡಿ ಮುಗಿಸಿ. ಜುಲೈಯಲ್ಲಿ ನೆಲ ತುಂಬಿ ನಿಂತಿರುವಾಗ ಗುಂಡಿಯಿಂದ ಹೆಚ್ಚಿನ ಪ್ರಯೋಜನವಿಲ್ಲ, ಅದರ ನಿಜವಾದ ಕೆಲಸ ಮೊದಲ ಮಳೆಗಳಲ್ಲಿ ಮತ್ತು ಸೆಪ್ಟೆಂಬರ್ ನಂತರದ ಬಿಡಿ ಮಳೆಗಳಲ್ಲಿ. ದಟ್ಟ ಕಾಡಿನೊಳಗೆ ಗುಂಡಿ ಬೇಡವೇ ಬೇಡ. ಅಲ್ಲಿ ಬೇರು ಮತ್ತು ದರಕು ಆ ಕೆಲಸವನ್ನು ಮಾಡುತ್ತಿವೆ, ಗುದ್ದಲಿ ಬೇರನ್ನು ಕಡಿಯುತ್ತದೆ ಅಷ್ಟೆ. ಊರ ಕೆರೆಯಿದ್ದರೆ ಅದರ ಹೂಳು ತೆಗೆಯುವುದು ಇನ್ನೂ ಮೇಲು. ಜೆಸಿಬಿ ತಳದ ಜೇಡಿ ಪದರವನ್ನು ಒಡೆಯದಂತೆ ಒಬ್ಬರು ನಿಂತು ನೋಡಬೇಕು. ಒಡೆದರೆ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ.

ಪ್ರಶ್ನೆ: ತುಡುವೆ ಜೇನು ಪೆಟ್ಟಿಗೆ ಇಟ್ಟರೆ ಮಳೆಗಾಲದಲ್ಲಿ ಕುಟುಂಬವೇ ಹಾರಿಹೋಗುತ್ತದೆ. ತೆಗೆದಿಟ್ಟ ಜೇನುತುಪ್ಪವೂ ನೊರೆ ಬಂದು ಹುಳಿಯಾಗುತ್ತದೆ.
(ಒಬ್ಬ ಓದುಗರು, ಸೊರಬ ತಾಲ್ಲೂಕು)

ಉತ್ತರ: ಹಸಿವು, ತೇವ, ಇರುವೆ, ಮೇಣದ ಹುಳು. ಸಾಮಾನ್ಯವಾಗಿ ಈ ನಾಲ್ಕರಲ್ಲೊಂದು ಕಾರಣ. ಬೇಸಿಗೆಯಲ್ಲಿ ಮರಿಗಳಿರುವ ಕೆಳಗಿನ ಸಂಸಾರದ ಕೋಣೆಯ ತುಪ್ಪವನ್ನೂ ಹಿಂಡಿದರೆ ಮಳೆಗಾಲಕ್ಕೆ ಅವಕ್ಕೆ ಉಣ್ಣಲು ಇರುವುದಿಲ್ಲ. ಮೇಲಿನ ಕೋಣೆಯದನ್ನು ಮಾತ್ರ ತೆಗೆಯಿರಿ. ಜೂನ್‌ಗೆ ಮೊದಲು ಮೇಲಿನ ಕೋಣೆಯನ್ನೇ ಕಳಚಿ, ಹುಳು ಮುಚ್ಚದ ಹಳೆಯ ಎರಿಗಳನ್ನು (ಮೇಣದ ಹಲ್ಲೆ) ಹೊರತೆಗೆಯಿರಿ. ಖಾಲಿ ಎರಿ ಇದ್ದಲ್ಲೇ ಮೇಣದ ಹುಳು ಮೊಟ್ಟೆಯಿಡುವುದು. ಸಕ್ಕರೆ, ನೀರು ಸಮ ಅಳತೆಯಲ್ಲಿ ಕುದಿಸಿ ಆರಿಸಿ ವಾರಕ್ಕೊಮ್ಮೆ ಸುಮಾರು 200 ಮಿ.ಲೀ. ಪಾಕವನ್ನು ಸಂಜೆ ಹೊತ್ತು ಪೆಟ್ಟಿಗೆಯೊಳಗೇ ಇಡಿ. ಹಗಲಲ್ಲಿ ಇಟ್ಟರೆ ಬೇರೆ ಕುಟುಂಬದ ಹುಳು ಕೊಳ್ಳೆಗೆ ಬರುತ್ತದೆ. ಅಡಿಹಲಗೆಯನ್ನು ವಾರ ಹತ್ತು ದಿನಕ್ಕೊಮ್ಮೆ ಗುಡಿಸಿ. ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲಲ್ಲಿರಲಿ, ಪೆಟ್ಟಿಗೆ ಮುಂದಕ್ಕೆ ತುಸು ವಾಲಿರಲಿ.

ಮರಿಹುಳು ಕೋಣೆಯಲ್ಲಿ ನೆಟ್ಟಗೆ ಚಾಚಿ ಸತ್ತು, ಎತ್ತಿದರೆ ನೀರು ತುಂಬಿದ ಚೀಲದಂತೆ ಬಂದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಖಾಲಿ ಮಾಡಿದ್ದು ಇದೇ. ಇದಕ್ಕೆ ಔಷಧಿಯಿಲ್ಲ. ಆ ಪೆಟ್ಟಿಗೆಯ ಚೌಕಟ್ಟನ್ನು ಬೇರೆಯದಕ್ಕೆ ಹಾಕಬೇಡಿ, ತಾಳಿಕೊಂಡು ಉಳಿದ ಕುಟುಂಬದಿಂದಲೇ ಪಾಲು ಮಾಡಿ.

ತುಪ್ಪ ಹುಳಿಯಾಗುವುದು ನೀರಿನಂಶ ಹೆಚ್ಚಿದ್ದರಿಂದ. ಎರಿಯ ಮುಕ್ಕಾಲು ಪಾಲು ಮೇಣದ ಮುಚ್ಚಳ ಬಿದ್ದ ಮೇಲಷ್ಟೇ ತೆಗೆಯಿರಿ. ಮಾರುಕಟ್ಟೆಗೆ ಹೋಗಬೇಕಾದರೆ ತೇವಾಂಶ ಶೇ. 20 ದಾಟಬಾರದು. ನೆರೆಹೊರೆಯವರ ಅಡಿಕೆ ಸಿಂಗಾರಕ್ಕೆ ಕೀಟನಾಶಕ ಬೀಳದಂತೆ ಅವರೊಡನೆ ಮಾತಾಡಿಕೊಳ್ಳಿ, ಹೂ ಕಡಿಮೆಯಿರುವಾಗ ಜೇನಿಗೆ ಪರಾಗ ಕೊಡುವುದು ಆ ಸಿಂಗಾರವೇ.

ಪ್ರಶ್ನೆ: ಹೊಳೆದಂಡೆಯ ಅಪ್ಪೆಮಿಡಿ ಮರಗಳನ್ನು ಮಿಡಿಗಾಗಿ ಟೊಂಗೆ ಸಮೇತ ಕಡಿಯುತ್ತಾರೆ. ಹೊರಗಿನವರು ಗಾಡಿ ತಂದು ರಾಮಪತ್ರೆ (ಜಾಯಿಪತ್ರೆಯಂಥ ಕಾಡು ಸಾಂಬಾರ), ಹಾಲುಮಡ್ಡಿ (ಮರದ ಅಂಟು) ಒಯ್ಯುತ್ತಾರೆ. ಪಂಚಾಯಿತಿಗೆ ತಡೆಯುವ ಅಧಿಕಾರ ಇದೆಯೇ?
(ಗ್ರಾಮ ಪಂಚಾಯಿತಿ ಸದಸ್ಯೆ, ಸಾಗರ ತಾಲ್ಲೂಕು)

ಉತ್ತರ: ಇದೆ, ಆದರೆ ಕಾಗದ ಸಿದ್ಧವಿರಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವ್ಯಾಪಾರಕ್ಕಾಗಿ ತನ್ನ ವ್ಯಾಪ್ತಿಯಲ್ಲಿ ಸಂಗ್ರಹ ಮಾಡುವವರಿಗೆ ಶುಲ್ಕ ವಿಧಿಸುವ ಅಧಿಕಾರವನ್ನು 41ನೇ ಕಲಂ ಆ ಸಮಿತಿಗೆ ಕೊಟ್ಟಿದೆ. ಅದಕ್ಕೆ ಆಧಾರ ಜನತಾ ಜೀವವೈವಿಧ್ಯ ದಾಖಲಾತಿ. ಯಾವ ಹೊಳೆಯಲ್ಲಿ ಎಷ್ಟು ಅಪ್ಪೆ ಮರ, ಯಾವ ತಿಂಗಳು ಮಿಡಿ, ಯಾರು ಕೊಯ್ಯುತ್ತ ಬಂದಿದ್ದಾರೆ ಎಂದು ಅದರಲ್ಲಿ ಬರೆದಿರಬೇಕು. ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವಾಗಿ ಘೋಷಣೆಯಾದದ್ದೂ ಇದೇ ಕಾಯ್ದೆಯಡಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕಿರು ಉತ್ಪನ್ನದ ಸಮುದಾಯ ಹಕ್ಕಿಗೆ ನಮೂನೆ ‘ಬಿ’, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ನಮೂನೆ ‘ಸಿ’ ಸಲ್ಲಿಸಬಹುದು. ಆ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು, ಅವರಲ್ಲಿ ಮೂರರಲ್ಲೊಂದು ಪಾಲು ಮಹಿಳೆಯರು ಹಾಜರಿರಬೇಕು. ಕೋರಂ ಇಲ್ಲದ ಸಭೆಯ ನಿರ್ಣಯ ಮುಂದಿನ ಹಂತದಲ್ಲಿ ನಿಲ್ಲುವುದಿಲ್ಲ. ಅಭಯಾರಣ್ಯದೊಳಗಿನ ಜಾಗವಾದರೆ ವನ್ಯಜೀವಿ ಕಾಯ್ದೆಯ ನಿರ್ಬಂಧವೂ ಇದೆ, ಮೊದಲು ವಲಯ ಅರಣ್ಯಾಧಿಕಾರಿಯನ್ನು ಕಾಣಿ.

ಅಪ್ಪೆಯ ಮಟ್ಟಿಗೆ ಮರವಾರು ಹರಾಜು ಹಾಕಿ. ಕೊಕ್ಕೆ ಮತ್ತು ಬಲೆಯಲ್ಲೇ ಕೊಯ್ಯಬೇಕು, ಟೊಂಗೆ ಕಡಿದರೆ ಠೇವಣಿ ಹೋಗುತ್ತದೆ, ಮರದ ಕಾಲುಭಾಗ ಹಣ್ಣಾಗಲು ಬಿಡಬೇಕು ಎಂಬ ಷರತ್ತು ಇರಲಿ. ಇದರಲ್ಲಿ ಕೊಯ್ಯುವವರಿಗೂ ಲಾಭವಿದೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪುನೀರಿನಲ್ಲಿ ಮೆತ್ತಗಾಗಿ ಜಾಡಿಯನ್ನೇ ಕೆಡಿಸುತ್ತದೆ. ಇಂಚುದ್ದ ತೊಟ್ಟು ಇರುವ, ಸೊನೆ ಹೋಗದ ಮಿಡಿಗೇ ಬೆಲೆ. ಒಳ್ಳೆಯ ತಳಿಯ ಮುದಿ ಮರವಿದ್ದರೆ ಕಸಿ ಕಟ್ಟಿಸಿ: ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ಎಂಟು ಹತ್ತು ದಿನ ಮೊದಲು ತೊಟ್ಟು ಬಿಟ್ಟು ಎಲೆ ಕತ್ತರಿಸಿ, ಮೊಗ್ಗು ಉಬ್ಬಿದಾಗ ತೆಗೆದು ಕಾಟುಮಾವಿನ ಸಸಿಗೆ ಬೆಣೆಯಂತೆ ಕೂಡಿಸಬೇಕು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು.

ಪ್ರಶ್ನೆ: ಮನೆ ಮೇಲಿನ ಅಬ್ಬಿ ನೀರಿನಿಂದ ಎಷ್ಟು ಕರೆಂಟು ಮಾಡಬಹುದು?
(ಒಬ್ಬ ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ನೀರು ಬೀಳುವ ಎತ್ತರ ಮೀಟರ್‌ಗಳಲ್ಲಿ, ಹರಿವು ಸೆಕೆಂಡಿಗೆ ಲೀಟರ್‌ಗಳಲ್ಲಿ, ಎರಡನ್ನೂ ಗುಣಿಸಿ 9.8ರಿಂದ ಮತ್ತೆ ಗುಣಿಸಿ. ಬಂದ ವ್ಯಾಟ್‌ನಲ್ಲಿ ಅರ್ಧ ಕೈಗೆ ಸಿಗುತ್ತದೆ. 15 ಲೀಟರ್ ಕೊಡ ಮೂರು ಸೆಕೆಂಡಿನಲ್ಲಿ ತುಂಬಿದರೆ ಹರಿವು 5 ಲೀಟರ್. ಎತ್ತರ 20 ಮೀಟರ್ ಇದ್ದರೆ 980 ವ್ಯಾಟ್, ಅಂದರೆ ಬಳಕೆಗೆ 500ರ ಆಸುಪಾಸು. ಪೈಪಿನಲ್ಲಿ ಜಿಪುಣತನ ಮಾಡಬೇಡಿ: ಇಷ್ಟೇ ನೀರಿಗೆ ಎರಡಿಂಚಿನ ಪೈಪು ಹಾಕಿದರೆ 100 ಮೀಟರ್ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತರ ಘರ್ಷಣೆಗೇ ಹೋಗುತ್ತದೆ, ಮೂರಿಂಚಿನದಾದರೆ ಎರಡು ಮೀಟರಿಗೂ ಕಡಿಮೆ. ಮೇಲೆ ಎಲೆ ತಡೆಯುವ ಜಾಲರಿ, ಮರಳು ಇಳಿಯುವ ತೊಟ್ಟಿ ಇರಲಿ. ಹಳ್ಳದ ಪೂರ್ತಿ ನೀರನ್ನು ಪೈಪಿಗೆ ತಿರುಗಿಸದೆ ಒಂದು ಪಾಲು ಹರಿಯಲು ಬಿಡಿ, ತಿರುಗಣೆ (ಟರ್ಬೈನ್) ದಾಟಿದ ನೀರನ್ನು ಅದೇ ಹಳ್ಳಕ್ಕೆ ಸೇರಿಸಿ. ಹರಿವನ್ನು ಆಗಸ್ಟ್‌ನಲ್ಲಿ ಅಳೆದು ಯಂತ್ರ ಕೊಳ್ಳಬೇಡಿ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಅಳೆದ ಮೇಲೆ ತೀರ್ಮಾನಿಸಿ.